ಓದುಗರ ಪ್ರಶ್ನೆ: ನಿಂತುಹೋದ ಡಿಗ್ರಿ, ಆನ್‌ಲೈನ್ ಕ್ರೆಡಿಟ್

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಆನ್‌ಲೈನ್‌ನಲ್ಲಿ ಒಂದೊಂದೇ ಕೋರ್ಸ್ ಮುಗಿಸಿ, ಆ ಕ್ರೆಡಿಟ್‌ಗಳನ್ನು (ಪಾಸಾದ ಒಂದೊಂದು ಕೋರ್ಸಿಗೂ ಡಿಗ್ರಿಯ ಲೆಕ್ಕಕ್ಕೆ ಸಿಗುವ ಪಾಲು) ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಂಡು, ಕಡಿಮೆ ದುಡ್ಡಿನಲ್ಲಿ ಡಿಗ್ರಿ ಪಡೆಯಬಹುದಾ ಅಂತ. ಅಡ್ಮಿಷನ್ ಕಾಲ ಬಂತಲ್ವಾ, ವಾಟ್ಸಾಪ್‌ನಲ್ಲಿ ಜಾಹೀರಾತೂ ಜಾಸ್ತಿಯಾಗಿದೆ. ಹಾಗಾಗಿ ಪರೀಕ್ಷೆ ಭಯ, ಹಾಸ್ಟೆಲ್ ಊಟದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇಷ್ಟನ್ನು ಮಾತ್ರ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದೆ.

ಮೂಡಿಗೆರೆಯಿಂದ: ಮೇಡಂ, 2021ರಲ್ಲಿ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಬಿಕಾಂ ಸೇರಿ ನಾಲ್ಕು ಸೆಮಿಸ್ಟರ್ ಮುಗಿಸಿದೆ. ಆಮೇಲೆ ಮದುವೆ, ಮಗು, ಓದು ಅಲ್ಲಿಗೇ ನಿಂತಿತು. ಈಗ ಒಂದು ಹೋಂಸ್ಟೇಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಡಿಗ್ರಿ ಇದ್ದಿದ್ದರೆ ಸಹಕಾರ ಬ್ಯಾಂಕಿನ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಉಳಿದದ್ದನ್ನು ಸ್ವಯಂನಲ್ಲಿ ಮೊಬೈಲ್‌ನಲ್ಲೇ ಮುಗಿಸು, ದುಡ್ಡೇ ಬೇಡ ಅಂತ ಗೆಳತಿ ಹೇಳುತ್ತಾಳೆ. ನಿಜವಾ? ಓದಿದ ಎರಡು ವರ್ಷ ದಂಡ ಆಗುತ್ತದಾ?

ದಂಡ ಆಗುವುದಿಲ್ಲ ತಂಗಿ. ಆದರೆ ಗೆಳತಿ ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು.

ಸ್ವಯಂ ಡಿಗ್ರಿ ಕೊಡುವುದಿಲ್ಲ. ಅದು ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ಆನ್‌ಲೈನ್ ಪಾಠಗಳ ತಾಣ. ಪಾಠ ಕೇಳುವುದಕ್ಕೆ ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕು ಅಂದರೆ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಕೂತು ಬರೆಯಬೇಕು. ಪಾಸಾದರೆ ಆ ಕೋರ್ಸಿಗೆ ಇಷ್ಟು ಅಂತ ಕ್ರೆಡಿಟ್. ಆ ಕ್ರೆಡಿಟ್ಟನ್ನು ಸೇರಿಸಿಕೊಂಡು ಡಿಗ್ರಿ ಕೊಡುವುದು ವಿಶ್ವವಿದ್ಯಾಲಯವೇ. ಅದಕ್ಕೂ ಮಿತಿ ಇದೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2021ರ ನಿಯಮದಲ್ಲಿ, ಒಂದು ಸೆಮಿಸ್ಟರಿನ ವಿಷಯಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಮಾಡಬಹುದು ಅಂತಿದೆ. ಯಾವ ವಿಷಯಕ್ಕೆ ಯಾವ ಕೋರ್ಸ್ ನಡೆಯುತ್ತದೆ ಅನ್ನುವ ಪಟ್ಟಿಯನ್ನು ವಿಶ್ವವಿದ್ಯಾಲಯ ಮೊದಲೇ ಮಾಡಿರುತ್ತದೆ. ಆ ಪಟ್ಟಿಯಲ್ಲಿ ಇಲ್ಲದ್ದನ್ನು ನೀವು ಎಷ್ಟೇ ಚೆನ್ನಾಗಿ ಪಾಸು ಮಾಡಿದರೂ ಫ್ರೇಮ್ ಹಾಕಿಸಿ ಗೋಡೆಗೆ ತೂಗಿಸಬಹುದು, ಅಷ್ಟೆ.

ಕಾಫಿ ಸೀಮೆಯವರು ನೀವು, ಹೀಗೆ ನೋಡಿ. ಕಣದಲ್ಲಿ ಒಣಗಿಸಿದ ಚೆರ್ರಿ ಎಷ್ಟು ಮೂಟೆ ಇದೆ ಅನ್ನುವುದು ನಮ್ಮ ಮನೆಯ ಲೆಕ್ಕ. ವ್ಯಾಪಾರಿ ದುಡ್ಡು ಎಣಿಸುವುದು ಔಟ್‌ಟರ್ನ್, ಅಂದರೆ ಅದರಲ್ಲಿ ಎಷ್ಟು ಕಾಫಿ ಬೀಜ ಇಳಿಯುತ್ತದೆ ಅನ್ನುವುದನ್ನು ನೋಡಿದ ಮೇಲೆ. ಕ್ರೆಡಿಟ್ ಕಥೆಯೂ ಅದೇ. ನಿಮ್ಮ ಹತ್ತಿರ ಎಷ್ಟಿದೆ ಅನ್ನುವುದಲ್ಲ, ಡಿಗ್ರಿ ಕೊಡುವವರು ಎಷ್ಟನ್ನು ಒಪ್ಪುತ್ತಾರೆ ಅನ್ನುವುದು ಮುಖ್ಯ. ಅದಕ್ಕೇ ಕೋರ್ಸ್ ಹುಡುಕುವ ಮೊದಲು ವಿಶ್ವವಿದ್ಯಾಲಯವನ್ನು ಕೇಳಿ. ಕೆಳಗಿನ ಎಲ್ಲ ಪ್ರಶ್ನೆಗಳಿಗೂ ನನ್ನ ಉತ್ತರ ಹೆಚ್ಚುಕಡಿಮೆ ಇದೇ, ಈಗಲೇ ಹೇಳಿಬಿಟ್ಟೆ.

ನಿಮ್ಮ ವಿಚಾರಕ್ಕೆ ಬರೋಣ. ನೀವು 2021ರ ಬ್ಯಾಚ್ ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಬ್ಯಾಚ್. ಕರ್ನಾಟಕದಲ್ಲಿ 2021-22ರಿಂದ ನಾಲ್ಕು ವರ್ಷದ ಪದ್ಧತಿ ತಂದರು, 2024-25ರಿಂದ ಹೊಸದಾಗಿ ಸೇರುವವರಿಗೆ ಮತ್ತೆ ಮೂರು ವರ್ಷ ಮಾಡಿದರು. ನಡುವೆ ಸಿಕ್ಕಿಕೊಂಡವರಿಗೆ ಗೊಂದಲ ಆಗುವುದು ಸಹಜ. ಆದರೆ ನಿಮ್ಮ ಬ್ಯಾಚಿಗೆ ಒಂದು ಅನುಕೂಲ ಇತ್ತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ ಅಂತ ಬಿಡುವುದಕ್ಕೂ ಮತ್ತೆ ಬರುವುದಕ್ಕೂ ದಾರಿ ಇಟ್ಟಿದ್ದರು. ನಾಲ್ಕು ಸೆಮಿಸ್ಟರ್‌ನಲ್ಲಿ ಯಾವ ಪೇಪರೂ ಬಾಕಿ ಇಲ್ಲ ಅಂದರೆ ನಿಮ್ಮ ಕೈ ಗಟ್ಟಿ ಇದೆ. ಬಾಕಿ ಇದ್ದರೆ ಮೊದಲು ಅದರ ವಿಚಾರ ಕೇಳಿ, ಏಕೆಂದರೆ ಹಳೆ ಸಿಲಬಸ್ಸಿನ ಪರೀಕ್ಷೆಯನ್ನು ಎಷ್ಟು ವರ್ಷ ನಡೆಸುತ್ತಾರೆ ಅನ್ನುವುದಕ್ಕೂ ಒಂದು ಕೊನೆ ಇರುತ್ತದೆ.

ಇನ್ನು ಎಬಿಸಿ, ಅಂದರೆ ನಿಮ್ಮ ಕ್ರೆಡಿಟ್‌ಗಳ ಲೆಕ್ಕ ಇಡುವ ಆನ್‌ಲೈನ್ ಖಾತೆ. ಪೂರ್ತಿ ಹೆಸರು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, 2021ರ ಜುಲೈನಲ್ಲಿ ಬಂತು. ಬ್ಯಾಂಕ್ ಅಂತ ಹೆಸರಿದ್ದರೂ ನೀವೇ ಹೋಗಿ ಸರ್ಟಿಫಿಕೇಟ್ ಜಮಾ ಮಾಡುವುದಕ್ಕೆ ಆಗುವುದಿಲ್ಲ. ಕಾಲೇಜು ಅಥವಾ ವಿಶ್ವವಿದ್ಯಾಲಯವೇ ನಿಮ್ಮ ಖಾತೆಗೆ ಕ್ರೆಡಿಟ್ ಹಾಕಬೇಕು. ನೀವು ನೋಡಬಹುದು, ಡಿಜಿಲಾಕರ್‌ನಲ್ಲಿ. ಈಗ ಅದಕ್ಕೆ ಅಪಾರ್ ಐಡಿ ಅಂತ 12 ಅಂಕಿಯ ಸಂಖ್ಯೆ ಇರುತ್ತದೆ. ಇವತ್ತೇ ತೆರೆದು ನೋಡಿ. ಅಲ್ಲಿ ಏನೂ ಕಾಣದಿದ್ದರೆ ಗಾಬರಿ ಬೇಡ, ಬಹಳಷ್ಟು ಸಲ ಕಾರಣ ತೀರಾ ಚಿಕ್ಕದು. ಆಧಾರ್‌ನಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಮಾರ್ಕ್ಸ್‌ಕಾರ್ಡಿನಲ್ಲಿ ಮುಂದೆ. ಆಧಾರ್‌ನಲ್ಲಿ ಮದುವೆ ಆದ ಮೇಲೆ ಗಂಡನ ಹೆಸರು ಸೇರಿದೆ, ಕಾಲೇಜಿನ ದಾಖಲೆಯಲ್ಲಿ ಅಪ್ಪನ ಹೆಸರಿದೆ. ಎರಡೂ ಒಂದೇ ಮನುಷ್ಯಳದ್ದು ಅಂತ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಲ್ಲಿ ಹೆಸರು ಹೇಗಿದೆಯೋ ಹಾಗೆ ಎಲ್ಲ ಕಡೆ ಸರಿ ಮಾಡಿಸಿಕೊಳ್ಳುವುದು ವಾಸಿ. ಈ ಕೆಲಸ ಒಂದು ದಿನದಲ್ಲಿ ಮುಗಿಯುವುದಿಲ್ಲ, ಹಾಗಾಗಿ ಮೊದಲು ಇದಕ್ಕೇ ಕೈ ಹಾಕಿ.

ಎಬಿಸಿಯ ಎರಡು ನಿಯಮ ನೆನಪಿಡಿ. ಕ್ರೆಡಿಟ್‌ಗೆ ಗರಿಷ್ಠ 7 ವರ್ಷ ಆಯಸ್ಸು. ನಿಮ್ಮ ಮೊದಲ ಸೆಮಿಸ್ಟರಿನ ಕ್ರೆಡಿಟ್ 2022ರಲ್ಲಿ ಬಂದಿದ್ದರೆ 2029ರ ಹೊತ್ತಿಗೆ ಅವಧಿ ಮುಗಿಯುತ್ತದೆ. ಮಗು ಸ್ವಲ್ಪ ದೊಡ್ಡದಾಗಲಿ ಅಂತ ಕಾಯುವುದಾದರೆ ಆ ಲೆಕ್ಕ ತಲೆಯಲ್ಲಿ ಇರಲಿ. ಎರಡನೆಯದು, ಡಿಗ್ರಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. ಮೂರು ವರ್ಷದ ಡಿಗ್ರಿಗೆ 120 ಕ್ರೆಡಿಟ್ ಅಂತ ಇಟ್ಟುಕೊಂಡರೆ 60 ಅಲ್ಲಿಯೇ ಆಗಬೇಕು. ಇಲ್ಲೇ ನೋಡಿ ನಿಮ್ಮಂಥವರು ಎಡವುವುದು. ಮೂರನೇ ಎರಡು ಭಾಗ ಒಂದು ಕಡೆ ಮುಗಿಸಿ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋದರೆ, ಅಲ್ಲಿ ಅರ್ಧ ಮಾಡಲೇಬೇಕಾದ್ದರಿಂದ ಕೈಯಲ್ಲಿದ್ದ ಸ್ವಲ್ಪ ಕ್ರೆಡಿಟ್ ಹೋಯ್ತು ಅಂತಲೇ ಲೆಕ್ಕ. ಮೊದಲಿದ್ದ ವಿಶ್ವವಿದ್ಯಾಲಯಕ್ಕೇ ವಾಪಸ್ ಹೋದರೆ ಆ ನಷ್ಟ ಇಲ್ಲ.

ಅದಕ್ಕೇ ನನ್ನ ಸಲಹೆ, ಮೊದಲು ನಿಮ್ಮ ಹಳೆ ಕಾಲೇಜಿನ ಆಫೀಸಿಗೆ ಹೋಗಿ. ಚಿಕ್ಕಮಗಳೂರಿನ ಡಿಗ್ರಿ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದವು, ಅಲ್ಲಿಂದ ಉತ್ತರ ತರಿಸಬೇಕಾಗುತ್ತದೆ. ಬಾಯಿಮಾತಿನಲ್ಲಿ ಕೇಳಬೇಡಿ. ಒಂದು ಹಾಳೆಯಲ್ಲಿ ರಿಜಿಸ್ಟರ್ ನಂಬರ್, ಸೇರಿದ ವರ್ಷ, ಪಾಸಾದ ಸೆಮಿಸ್ಟರ್ ಬರೆದು ನಾಲ್ಕು ವಿಷಯ ಕೇಳಿ. ಐದನೇ ಸೆಮಿಸ್ಟರಿಗೆ ಮರುಪ್ರವೇಶ ಸಿಗುತ್ತದಾ, ಸಿಲಬಸ್ ಬದಲಾಗಿದ್ದರೆ ಯಾವ ಪೇಪರ್ ಜಾಸ್ತಿ ಬರೆಯಬೇಕು, ಉಳಿದ ವಿಷಯಗಳಲ್ಲಿ ಯಾವುದನ್ನು ಸ್ವಯಂನಲ್ಲಿ ಮಾಡಬಹುದು, ಎಲ್ಲ ಸೇರಿ ಎಷ್ಟು ವರ್ಷದೊಳಗೆ ಮುಗಿಸಬೇಕು. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ. ಕೌಂಟರಿನಲ್ಲಿ ಕೂತವರು ಆಗಲ್ಲಮ್ಮ, ಮೊದಲ ವರ್ಷದಿಂದ ಸೇರಿಕೊಳ್ಳಿ ಅಂದರೆ ಅದನ್ನೇ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಬರೆದು ಕೊಡಬೇಕು ಅಂದ ಕೂಡಲೇ ನಿಯಮದ ಪುಸ್ತಕ ಹುಡುಕುವ ಜನರೂ ಇದ್ದಾರೆ.

ದಿನಾ ಕಾಲೇಜಿಗೆ ಹೋಗಲು ಆಗುವುದೇ ಇಲ್ಲ ಅಂದರೆ ದೂರಶಿಕ್ಷಣ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಚಿಕ್ಕಮಗಳೂರಿನಲ್ಲೂ ಹಾಸನದಲ್ಲೂ ಪ್ರಾದೇಶಿಕ ಕೇಂದ್ರ ಇದೆ. ಕೇಂದ್ರದ ಮುಕ್ತ ವಿವಿಯಾದ ಇಗ್ನೊದಲ್ಲಿ ಕ್ರೆಡಿಟ್ ವರ್ಗಾವಣೆಗೆ ಅಂತಲೇ ಬೇರೆ ಅರ್ಜಿ ಇದೆ, ಹಳೆ ಸಿಲಬಸ್ ಮತ್ತು ಮಾರ್ಕ್ಸ್‌ಕಾರ್ಡ್ ಎರಡನ್ನೂ ತಾಳೆ ನೋಡುತ್ತಾರೆ. ಯುಜಿಸಿ ಮಾನ್ಯತೆ ಇರುವ ದೂರಶಿಕ್ಷಣದ ಡಿಗ್ರಿ, ಕಾಲೇಜಿಗೆ ಹೋಗಿ ಪಡೆದ ಡಿಗ್ರಿಗೆ ಸಮ. ಮುಕ್ತ ವಿವಿಗೆ 2013-14ರಿಂದ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಈಗ ಸೇರುವವರಿಗೆ ಆ ತೊಂದರೆ ಅಂಟಿಕೊಳ್ಳುವುದಿಲ್ಲ. ಹಳಬರು ಹೆದರಿಸಿದರೆ ಸುಮ್ನೆ ಕೇಳಿಸಿಕೊಳ್ಳಿ. ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಶಂಕರಘಟ್ಟದ ಉತ್ತರಕ್ಕೆ ಕಾಯುತ್ತಿದ್ದೆ. ಉಳಿದಿರುವುದು ಎರಡೇ ಸೆಮಿಸ್ಟರ್ ಅಲ್ವಾ.

ಅರಸೀಕೆರೆಯಿಂದ: ಒಂದು ಏಜೆನ್ಸಿಯವರು 45 ಸಾವಿರ ಕೊಟ್ಟರೆ ಹಿಂದಿನ ಎರಡು ವರ್ಷಕ್ಕೆ ಕ್ರೆಡಿಟ್ ಟ್ರಾನ್ಸ್‌ಫರ್ ಹಾಕಿ, ಉತ್ತರ ಭಾರತದ ವಿಶ್ವವಿದ್ಯಾಲಯದಿಂದ ಒಂದೇ ವರ್ಷದಲ್ಲಿ ಬಿಎ ಕೊಡಿಸುತ್ತೇವೆ ಅನ್ನುತ್ತಾರೆ. ನಾನು ಪಿಯುಸಿ ಆದ ಮೇಲೆ ಓದಿಯೇ ಇಲ್ಲ. ಹಾಗೂ ಆಗುತ್ತದಾ ಸರ್?

ಸರ್ ಅಲ್ಲ, ಮೇಡಂ. ಇರಲಿ. ಆಗುವುದಿಲ್ಲ.

ಓದದೇ ಇರುವ ಎರಡು ವರ್ಷದ ಕ್ರೆಡಿಟ್ ಎಲ್ಲಿಂದ ಬರುತ್ತದೆ? ಯಾರದೋ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಹಾಕುತ್ತಾರೆ, ಇಲ್ಲಾ ಹಳೆ ತಾರೀಖು ಹಾಕಿದ ಮಾರ್ಕ್ಸ್‌ಕಾರ್ಡ್ ಪ್ರಿಂಟ್ ಮಾಡುತ್ತಾರೆ. ಎರಡೂ ಖೋಟಾ. ಕೆಲಸ ಸಿಕ್ಕಿ ನಾಲ್ಕು ವರ್ಷ ಆದ ಮೇಲೆ ದಾಖಲೆ ಪರಿಶೀಲನೆಗೆ ಹೋದರೆ ಸಿಕ್ಕಿಬೀಳುವವರು ನೀವು, ಏಜೆನ್ಸಿ ಬೋರ್ಡು ಅಷ್ಟು ಹೊತ್ತಿಗೆ ಬದಲಾಗಿರುತ್ತದೆ. 1956ರ ಯುಜಿಸಿ ಕಾಯ್ದೆ ಪ್ರಕಾರ ಡಿಗ್ರಿ ಕೊಡುವ ಹಕ್ಕು ಇರುವುದು ಕಾನೂನಿನ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೆ ಮತ್ತು ಸರ್ಕಾರ ಹಾಗೆ ಗುರುತಿಸಿದ ಇಲ್ಲಾ ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ದೂರಶಿಕ್ಷಣವನ್ನು ಫ್ರಾಂಚೈಸಿ ಕೊಟ್ಟು ನಡೆಸುವುದಕ್ಕೂ ಯುಜಿಸಿ ಬಿಡುವುದಿಲ್ಲ. ಯುಜಿಸಿಯ ದೂರಶಿಕ್ಷಣ ವಿಭಾಗದ ತಾಣದಲ್ಲಿ ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಯಾವ ವರ್ಷ ಅನುಮತಿ ಇದೆ ಅಂತ ಪಟ್ಟಿ ಇರುತ್ತದೆ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿ ಹಾಕುತ್ತದೆ. ಅಲ್ಲದೆ ಈಗ ದೂರಶಿಕ್ಷಣಕ್ಕೋ ಆನ್‌ಲೈನ್ ಡಿಗ್ರಿಗೋ ಸೇರುವ ವಿದ್ಯಾರ್ಥಿ ಅದೇ ವಿಭಾಗದ ತಾಣದಲ್ಲಿ ಡಿಇಬಿ ಐಡಿ ಅನ್ನುವ ಗುರುತಿನ ಸಂಖ್ಯೆ ಮಾಡಿಸಿಕೊಳ್ಳಬೇಕು. ಅದು ಬೇಡ, ನಾವು ನೋಡಿಕೊಳ್ಳುತ್ತೇವೆ ಅಂದವರ ಹತ್ತಿರ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಮುಂಗಡ ಕೊಟ್ಟಿದ್ದರೆ ರಸೀದಿ, ಮೆಸೇಜ್ ಎಲ್ಲ ಇಟ್ಟುಕೊಂಡು ವಾಪಸ್ ಕೇಳಿ. ಕೊಡದಿದ್ದರೆ ಪೊಲೀಸ್ ಠಾಣೆಗೆ ದೂರು ಕೊಡಿ.

ಹಾಸನ ವಿದ್ಯಾನಗರದಿಂದ: ನನ್ನ ಅಕ್ಕ ಇಲ್ಲಿ ಬಿಎಸ್ಸಿ ಎರಡು ವರ್ಷ ಮುಗಿಸಿ ಮದುವೆಯಾಗಿ ಅಮೆರಿಕಕ್ಕೆ ಹೋದಳು. ಟೆಕ್ಸಾಸ್‌ನಲ್ಲಿದ್ದಾಳೆ, ಭಾವನ ಜೊತೆ ಎಚ್-4 ವೀಸಾದಲ್ಲಿ. ಅಲ್ಲಿ ಡಿಗ್ರಿ ಮುಗಿಸಬೇಕು ಅಂತ ಆಸೆ, ಶುಲ್ಕ ಕೇಳಿದರೆ ಎದೆ ಒಡೆಯುತ್ತದೆ. ಸೋಫಿಯಾ, ಕ್ಲೆಪ್ ಅಂತೆಲ್ಲ ಕಡಿಮೆ ದುಡ್ಡಿಗೆ ಕ್ರೆಡಿಟ್ ಸಿಗುತ್ತದೆ ಅಂತ ಯಾರೋ ಹೇಳಿದರಂತೆ. ನಂಬಬಹುದಾ? ಇಲ್ಲಿಂದ ನಾನು ಏನು ಮಾಡಿಕೊಡಬೇಕು?

ನಂಬಬಹುದು. ಅಲ್ಲಿ ಈ ದಾರಿ ಹೊಸದೇನಲ್ಲ, ಬಹಳ ಜನ ನಡೆದಿದ್ದಾರೆ. ಎಚ್-4, ಅಂದರೆ ಕೆಲಸಕ್ಕೆ ಹೋದವರ ಮನೆಯವರಿಗೆ ಕೊಡುವ ವೀಸಾದಲ್ಲಿ ಇರುವವರು ಓದುವುದಕ್ಕೂ ಅಡ್ಡಿ ಇಲ್ಲ.

ಅಮೆರಿಕದಲ್ಲಿ ಬ್ಯಾಚುಲರ್ ಡಿಗ್ರಿ ಅಂದರೆ ಸಾಮಾನ್ಯವಾಗಿ 120 ಸೆಮಿಸ್ಟರ್ ಕ್ರೆಡಿಟ್. ಅದರಲ್ಲಿ ಇಂಗ್ಲಿಷ್, ಗಣಿತ, ಇತಿಹಾಸ, ಸೈಕಾಲಜಿ ಅಂತ ಎಲ್ಲರೂ ಓದಬೇಕಾದ ಸಾಮಾನ್ಯ ವಿಷಯಗಳ ಪಾಲು ದೊಡ್ಡದು. ಆ ಪಾಲನ್ನು ಹೊರಗಡೆ ಅಗ್ಗವಾಗಿ ಮುಗಿಸಿ, ಮುಖ್ಯ ವಿಷಯಕ್ಕೆ ಮಾತ್ರ ವಿಶ್ವವಿದ್ಯಾಲಯಕ್ಕೆ ದುಡ್ಡು ಕಟ್ಟುವುದು ಈ ಉಪಾಯ. ಕ್ಲೆಪ್ ಅನ್ನುವುದು ಕಾಲೇಜ್ ಬೋರ್ಡ್ ನಡೆಸುವ ಪರೀಕ್ಷೆ, 1960ರ ದಶಕದಿಂದ ಇದೆ. ಕ್ಲಾಸಿಗೆ ಹೋಗಬೇಕಿಲ್ಲ, ಗೊತ್ತಿದ್ದರೆ ಬರೆದು ಪಾಸು ಮಾಡುವುದು. ಅಂಕ 20ರಿಂದ 80ರವರೆಗೆ, 50 ಬಂದರೆ ಕ್ರೆಡಿಟ್ ಕೊಡಬಹುದು ಅಂತ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಶಿಫಾರಸು ಮಾಡುತ್ತದೆ. ಒಂದು ಪರೀಕ್ಷೆಗೆ ಹತ್ತಿರ ಹತ್ತಿರ 100 ಡಾಲರ್, ಕೇಂದ್ರದವರು ಬೇರೆ ಸ್ವಲ್ಪ ತೆಗೆದುಕೊಳ್ಳುತ್ತಾರೆ. ಸೋಫಿಯಾ, ಸ್ಟ್ರೈಟರ್‌ಲೈನ್, ಸ್ಟಡಿ ಡಾಟ್ ಕಾಮ್ ಇವೆಲ್ಲ ಖಾಸಗಿ ಆನ್‌ಲೈನ್ ಕೋರ್ಸಿನವರು. ತಿಂಗಳ ಚಂದಾ ಲೆಕ್ಕ ಇರುತ್ತದೆ, ಬೇಗ ಓದಿದಷ್ಟೂ ಲಾಭ. ಇವರ ಕೋರ್ಸುಗಳಿಗೂ ಅದೇ ಕೌನ್ಸಿಲ್ ಇಷ್ಟು ಕ್ರೆಡಿಟ್ ಅಂತ ಶಿಫಾರಸು ಮಾಡಿರುತ್ತದೆ.

ಶಿಫಾರಸು ಮಾತ್ರ, ಅಕ್ಕನಿಗೆ ಇದನ್ನು ಎರಡು ಸಲ ಹೇಳಿ. ಒಪ್ಪುವುದು ಬಿಡುವುದು ಆಯಾ ವಿಶ್ವವಿದ್ಯಾಲಯದ ಇಷ್ಟ. ಕೆಲವು ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳು ಇಂಥ ಕೋರ್ಸುಗಳನ್ನು ಮುಟ್ಟುವುದೇ ಇಲ್ಲ. ಸದರ್ನ್ ನ್ಯೂ ಹ್ಯಾಂಪ್‌ಶೈರ್ ಯೂನಿವರ್ಸಿಟಿಯವರು 120ರಲ್ಲಿ 90ರವರೆಗೆ ಹೊರಗಿನ ಕ್ರೆಡಿಟ್ ತೆಗೆದುಕೊಳ್ಳುತ್ತಾರೆ. ನ್ಯೂಜೆರ್ಸಿಯ ಥಾಮಸ್ ಎಡಿಸನ್ ಸ್ಟೇಟ್ ಯೂನಿವರ್ಸಿಟಿ, ಕನೆಕ್ಟಿಕಟ್‌ನ ಚಾರ್ಟರ್ ಓಕ್, ನ್ಯೂಯಾರ್ಕಿನ ಎಕ್ಸೆಲ್ಸಿಯರ್ ಇವು 1970ರ ದಶಕದ ಶುರುವಿನಲ್ಲಿ ಹುಟ್ಟಿದ್ದೇ ಅರ್ಧಕ್ಕೆ ನಿಂತ ದೊಡ್ಡವರಿಗಾಗಿ. ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯಲ್ಲಿ ಆರು ತಿಂಗಳಿಗೆ ಇಷ್ಟು ಅಂತ ಒಂದೇ ಶುಲ್ಕ, ಆ ಅವಧಿಯಲ್ಲಿ ಎಷ್ಟು ಕೋರ್ಸ್ ಮುಗಿಸಿದರೂ ಜಾಸ್ತಿ ಕೇಳುವುದಿಲ್ಲ. ಮನೆಯ ಹತ್ತಿರ ಕಮ್ಯುನಿಟಿ ಕಾಲೇಜು (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಇದ್ದರೆ ಅದನ್ನೂ ವಿಚಾರಿಸಲಿ, ಅಲ್ಲಿಯ ನಿವಾಸಿಗಳಿಗೆ ಶುಲ್ಕ ಬಹಳ ಕಡಿಮೆ ಇರುತ್ತದೆ. ತನ್ನ ವೀಸಾದವರನ್ನು ನಿವಾಸಿ ಅಂತ ಲೆಕ್ಕ ಹಾಕುತ್ತಾರಾ ಅಂತ ಮಾತ್ರ ಕೇಳಬೇಕು. ನನ್ನ ಅಭಿಪ್ರಾಯ ಕೇಳಿದರೆ, ಇಂಗ್ಲಿಷಿನಲ್ಲಿ ಬರೆದು ರೂಢಿ ಇಲ್ಲದವರಿಗೆ ಸೋಫಿಯಾಗಿಂತ ಕಮ್ಯುನಿಟಿ ಕಾಲೇಜು ಒಳ್ಳೆಯದು. ದುಡ್ಡು ಸ್ವಲ್ಪ ಜಾಸ್ತಿ ಹೋಗಬಹುದು, ಆದರೆ ಎದುರಿಗೆ ಮೇಷ್ಟ್ರು ಇರುತ್ತಾರೆ, ನಾಲ್ಕು ಜನರ ಪರಿಚಯವೂ ಆಗುತ್ತದೆ. ಒಬ್ಬಳೇ ಫ್ಲಾಟಿನಲ್ಲಿ ಕೂತು ಲ್ಯಾಪ್‌ಟಾಪ್ ನೋಡುವುದಕ್ಕಿಂತ ಎಷ್ಟೋ ವಾಸಿ.

ಈಗ ನಿಮ್ಮ ಕೆಲಸ. ಅಕ್ಕ ಇಲ್ಲಿ ಮುಗಿಸಿದ ಎರಡು ವರ್ಷವೇ ಅವಳ ಹತ್ತಿರ ಇರುವ ದೊಡ್ಡ ಆಸ್ತಿ, ಅದನ್ನು ಮೊದಲು ಅಲ್ಲಿಯ ಕ್ರೆಡಿಟ್ ಆಗಿ ಪರಿವರ್ತಿಸಿಕೊಳ್ಳಬೇಕು. ಅದಕ್ಕೆ ಡಬ್ಲ್ಯುಇಎಸ್‌ನಂಥ ಸಂಸ್ಥೆಗಳು ನಮ್ಮ ಮಾರ್ಕ್ಸ್ ನೋಡಿ ವಿಷಯವಾರು ವರದಿ ಕೊಡುತ್ತವೆ. ಎರಡು ಥರದ ವರದಿ ಇದೆ, ಅಕ್ಕನಿಗೆ ಬೇಕಾದ್ದು ಒಂದೊಂದು ವಿಷಯವನ್ನೂ ಬಿಡಿಸಿ ತೋರಿಸುವುದು. ಯಾವ ಸಂಸ್ಥೆಯ ವರದಿ ನಡೆಯುತ್ತದೆ ಅಂತ ಸೇರುವ ಕಾಲೇಜನ್ನೇ ಕೇಳಲಿ. ಇಲ್ಲಿಂದ ಟ್ರಾನ್ಸ್‌ಕ್ರಿಪ್ಟ್ ಬೇಕಾಗುತ್ತದೆ. ಅದು ಮಾರ್ಕ್ಸ್‌ಕಾರ್ಡಿನ ಜೆರಾಕ್ಸ್ ಅಲ್ಲ, ವಿಶ್ವವಿದ್ಯಾಲಯವೇ ಕೊಡುವ ಅಧಿಕೃತ ದಾಖಲೆ. ಹಾಸನದ ಕಾಲೇಜುಗಳು ಆಗ ಮೈಸೂರು ವಿಶ್ವವಿದ್ಯಾಲಯದ ಕೆಳಗಿದ್ದವು, ಹಾಗಾಗಿ ಪರೀಕ್ಷಾ ವಿಭಾಗಕ್ಕೆ ಅರ್ಜಿ ಹಾಕಲು ನೀವು ಮೈಸೂರಿಗೇ ಹೋಗಬೇಕಾಗಬಹುದು. ಅಕ್ಕನಿಂದ ನಿಮ್ಮ ಹೆಸರಿಗೆ ಒಂದು ಒಪ್ಪಿಗೆ ಪತ್ರ, ಅವಳ ಗುರುತಿನ ಚೀಟಿಯ ಪ್ರತಿ, ಎಲ್ಲ ಸೆಮಿಸ್ಟರಿನ ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳಿ. ಹೋದವರು ಆ ವರ್ಷಗಳ ಸಿಲಬಸ್ಸಿಗೂ ದೃಢೀಕರಣ ಮಾಡಿಸಿಕೊಂಡು ಬನ್ನಿ. ಕೆಮಿಸ್ಟ್ರಿ ಅಂತ ಹೆಸರು ನೋಡಿ ಅಲ್ಲಿಯವರು ಒಪ್ಪುವುದಿಲ್ಲ, ಒಳಗೆ ಏನು ಪಾಠ, ಎಷ್ಟು ಗಂಟೆ ಲ್ಯಾಬ್ ಅಂತ ನೋಡುತ್ತಾರೆ. ಲಕೋಟೆಗೆ ಸೀಲು ಹಾಕಿ ಕೊಟ್ಟರೆ ದಾರಿಯಲ್ಲಿ ಕುತೂಹಲಕ್ಕೆ ಒಡೆಯಬೇಡಿ, ಒಡೆದದ್ದು ನಡೆಯುವುದಿಲ್ಲ.

ಇದನ್ನು ಓದಿ ಹಾಸನದಲ್ಲೇ ಕೂತು ಅಮೆರಿಕದ ಆನ್‌ಲೈನ್ ಡಿಗ್ರಿ ಮಾಡಿಬಿಡೋಣ ಅಂತ ಯಾರಾದರೂ ಹೊರಟರೆ, ನಿಲ್ಲಿ. ಇಲ್ಲಿಯ ಸರ್ಕಾರಿ ಕೆಲಸಕ್ಕೋ ಎಂಎಸ್ಸಿಗೋ ಆ ಡಿಗ್ರಿ ತೋರಿಸಬೇಕಾದರೆ ಸಮಾನತೆಯ ಪ್ರಮಾಣಪತ್ರ ಬೇಕು, ಆನ್‌ಲೈನ್ ಡಿಗ್ರಿಗೆ ಅದು ಸಿಗುವುದು ಕಷ್ಟ. ಯುಜಿಸಿ ಮಾನ್ಯತೆ ಇಲ್ಲದ ವಿದೇಶಿ ಸಂಸ್ಥೆಗಳ ಜೊತೆ ಸೇರಿ ಆನ್‌ಲೈನ್ ಡಿಗ್ರಿ ಮಾರುವ ಕಂಪನಿಗಳ ಬಗ್ಗೆ 2023ರ ಡಿಸೆಂಬರ್‌ನಲ್ಲೇ ಯುಜಿಸಿ ಎಚ್ಚರಿಕೆ ಕೊಟ್ಟಿದೆ. ಅಲ್ಲಿ ಬದುಕುವವರಿಗೆ ಅಲ್ಲಿಯ ದಾರಿ.

ಹಾಸನದಿಂದ ಬಿಎ ವಿದ್ಯಾರ್ಥಿನಿ: ನಮ್ಮ ಮೇಷ್ಟ್ರು ಸ್ವಯಂ, ಎನ್‌ಪಿಟೆಲ್ ಕೋರ್ಸ್ ಮಾಡಿ ಅನ್ನುತ್ತಾರೆ. ನನ್ನದು ಕನ್ನಡ ಮಾಧ್ಯಮ. ಇಂಗ್ಲಿಷ್ ಪಾಠ ಅರ್ಥ ಆಗುತ್ತದಾ? ಖರ್ಚು ಎಷ್ಟು?

ಮೇಷ್ಟ್ರು ಒಳ್ಳೆಯವರು, ಮಾಡಿ ಅನ್ನುವವರೇ ಕಡಿಮೆ. ಅವರನ್ನೇ ಮೊದಲು ಕೇಳಿ, ಈ ಕೋರ್ಸ್ ಮಾಡಿದರೆ ನನ್ನ ಯಾವ ಪೇಪರಿಗೆ ಬದಲಾಗಿ ಹಾಕುತ್ತೀರಿ ಅಂತ. ಉತ್ತರ ಗಟ್ಟಿ ಇದ್ದರೆ ಸೇರಿ. ಇಲ್ಲದಿದ್ದರೂ ಜ್ಞಾನಕ್ಕೆ ಸೇರಬಹುದು, ಆಗ ಪರೀಕ್ಷೆ ಶುಲ್ಕ ಕಟ್ಟುವ ಅಗತ್ಯವಿಲ್ಲ.

ಐಐಟಿಗಳು ಸೇರಿ ಸ್ವಯಂ ಮೂಲಕ ನಡೆಸುವ ಎನ್‌ಪಿಟೆಲ್‌ನಲ್ಲಿ 4 ವಾರದ ಕೋರ್ಸಿಗೆ 1 ಕ್ರೆಡಿಟ್, 8 ವಾರಕ್ಕೆ 2, 12 ವಾರಕ್ಕೆ 3. ಪ್ರತಿ ವಾರ ಅಸೈನ್‌ಮೆಂಟ್ ಇರುತ್ತದೆ, ಅದಕ್ಕೆ 25 ಅಂಕ, ಕೊನೆಯ ಪರೀಕ್ಷೆಗೆ 75. ಎರಡರಲ್ಲೂ ಬೇರೆ ಬೇರೆ ಪಾಸಾಗಬೇಕು, ಅಂದರೆ ಅಸೈನ್‌ಮೆಂಟ್‌ನಲ್ಲಿ 10, ಪರೀಕ್ಷೆಯಲ್ಲಿ 30. ಹುಡುಗರು ಸಾಮಾನ್ಯವಾಗಿ ಸೋಲುವುದು ಪರೀಕ್ಷೆಯಲ್ಲಿ ಅಲ್ಲ, ಮೂರನೇ ವಾರದ ಹೊತ್ತಿಗೆ ಅಸೈನ್‌ಮೆಂಟ್ ಕೊನೆ ದಿನಾಂಕ ಮರೆತು. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಪರೀಕ್ಷೆಗೆ ಶುಲ್ಕ ಒಂದು ಕೋರ್ಸಿಗೆ 1,000 ರೂಪಾಯಿ ಇದ್ದದ್ದು, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗೆ ಅರ್ಧ. ಕಟ್ಟುವ ಮುಂಚೆ ಆ ಸಲದ ಪ್ರಕಟಣೆ ನೋಡಿ. ಪರೀಕ್ಷೆ ಯಾವ ಊರಿನಲ್ಲಿ ಅಂತ ಅರ್ಜಿ ತುಂಬುವಾಗಲೇ ನೋಡಿಕೊಳ್ಳಿ, ಬೆಳಗಿನ ಪಾಳಿಗೆ ಬೆಂಗಳೂರು ಬಿದ್ದರೆ ಹಿಂದಿನ ದಿನವೇ ಹೊರಡಬೇಕಾಗುತ್ತದೆ, ಆ ಖರ್ಚೂ ಸೇರಿತಲ್ಲ.

ಭಾಷೆ ಬಗ್ಗೆ ಹೆದರಬೇಡಿ. ಎನ್‌ಪಿಟೆಲ್‌ನ ಹಲವು ಕೋರ್ಸುಗಳ ಪಾಠ ಕನ್ನಡಕ್ಕೂ ಅನುವಾದವಾಗಿದೆ. ಅನುವಾದ ಕೆಲವು ಕಡೆ ತೀರಾ ಗಟ್ಟಿ ಕನ್ನಡ, ಓದುವಾಗ ಇಂಗ್ಲಿಷೇ ಸುಲಭ ಅನ್ನಿಸಿದರೂ ಆಶ್ಚರ್ಯ ಇಲ್ಲ. ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡು ನೋಡಿ. ಮೊದಲ ಸಲಕ್ಕೆ 4 ಇಲ್ಲಾ 8 ವಾರದ ಕೋರ್ಸ್ ಸಾಕು.

ಆಲ್ದೂರಿನಿಂದ: ಮಗ ಆನ್‌ಲೈನ್‌ನಲ್ಲೇ ಇಂಜಿನಿಯರಿಂಗ್ ಮಾಡುತ್ತೇನೆ, ಕ್ರೆಡಿಟ್ ಸೇರಿಸಿದರೆ ಆಯ್ತು ಅನ್ನುತ್ತಾನೆ. ತೋಟದ ಕೆಲಸಕ್ಕೂ ಇರುತ್ತಾನೆ ಅಂತ ನನಗೂ ಆಸೆ. ಆಗುತ್ತದಾ?

ಆಗುವುದಿಲ್ಲ ಅಣ್ಣ. ಬಿಇ, ಬಿಟೆಕ್ ಡಿಗ್ರಿಯನ್ನು ದೂರಶಿಕ್ಷಣದಲ್ಲೋ ಆನ್‌ಲೈನ್‌ನಲ್ಲೋ ಪಡೆಯುವುದಕ್ಕೆ ಯುಜಿಸಿ ಅವಕಾಶ ಕೊಟ್ಟಿಲ್ಲ. ವೈದ್ಯಕೀಯ, ನರ್ಸಿಂಗ್, ಕಾನೂನು ಕೂಡ ಹಾಗೇ.

ಮಗನಿಗೆ ಕಂಪ್ಯೂಟರ್ ಮೇಲೇ ಆಸೆ ಇದ್ದರೆ ಐಐಟಿ ಮದ್ರಾಸಿನವರು 2020ರಿಂದ ನಡೆಸುತ್ತಿರುವ ಡೇಟಾ ಸೈನ್ಸ್ ಬಿಎಸ್ ಡಿಗ್ರಿ ನೋಡಲಿ. ಅದು ಬಿಟೆಕ್ ಅಲ್ಲ. ಪಾಠ ಆನ್‌ಲೈನ್, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ಮಧ್ಯೆ ಬಿಟ್ಟರೂ ಫೌಂಡೇಶನ್ ಸರ್ಟಿಫಿಕೇಟ್, ಡಿಪ್ಲೊಮಾ, ಬಿಎಸ್ಸಿ ಅಂತ ಒಂದೊಂದು ಹಂತಕ್ಕೂ ಕೈಗೆ ಏನಾದರೂ ಸಿಗುತ್ತದೆ. 114 ಕ್ರೆಡಿಟ್‌ಗೆ ಬಿಎಸ್ಸಿ, 142ಕ್ಕೆ ಬಿಎಸ್. ಕುಟುಂಬದ ಆದಾಯ ನೋಡಿ ಶುಲ್ಕದಲ್ಲಿ ರಿಯಾಯಿತಿ ಇದೆ. ಗಣಿತ ಗಟ್ಟಿ ಇರಬೇಕು, ಮೊದಲ ನಾಲ್ಕು ವಾರದ ಅರ್ಹತಾ ಹಂತದಲ್ಲೇ ಗೊತ್ತಾಗಿಬಿಡುತ್ತದೆ. ಕೊಯ್ಲಿನ ಕಾಲದಲ್ಲಿ ತೋಟ, ಓದು ಎರಡೂ ನಡೆಸುತ್ತಾನೆ ಅನ್ನುವುದನ್ನು ಮಾತ್ರ ನಾನು ನಂಬುವುದಿಲ್ಲ, ಕ್ಷಮಿಸಿ.

ಬಿಇ ಆಗಲೇಬೇಕು, ಖರ್ಚೂ ಕಡಿಮೆ ಇರಬೇಕು ಅಂದರೆ ಹಳೆ ದಾರಿಯೇ ಇದೆ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ನೇರ ಎರಡನೇ ವರ್ಷದ ಬಿಇಗೆ ಪ್ರವೇಶ. ಕ್ರೆಡಿಟ್ ಅನ್ನುವ ಹೆಸರು ಬರುವ ಎಷ್ಟೋ ಮುಂಚಿನಿಂದ ನಮ್ಮ ಕಡೆಯ ಹುಡುಗರು ಹೀಗೆ ಮಾಡುತ್ತಿದ್ದಾರೆ. ಹಾಸನದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ಇದೆ, ಮಲೆನಾಡು ಕಾಲೇಜೂ ಇದೆ. ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ಇದೆ.

ಹೊಳೆನರಸೀಪುರದಿಂದ: ಡಿಗ್ರಿ ಮಾತು ಬಿಡಿ, ನನ್ನದು ಪಿಯುಸಿಯೇ ಆಗಿಲ್ಲ. ಎರಡು ವಿಷಯ ಹೋಯ್ತು, ಉಳಿದದ್ದು ಪಾಸು. ಅದನ್ನು ವರ್ಗಾಯಿಸುವುದಕ್ಕೆ ಬರುತ್ತದಾ?

ಬರುತ್ತದೆ, ಇದು ಬಹಳ ಜನರಿಗೆ ಗೊತ್ತೇ ಇಲ್ಲ. ಕೇಂದ್ರ ಸರ್ಕಾರದ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಬೇರೆ ಬೋರ್ಡಿನಲ್ಲಿ ಪಾಸಾದ ಎರಡು ವಿಷಯಗಳವರೆಗೆ ಅಂಕ ವರ್ಗಾಯಿಸಿಕೊಳ್ಳುತ್ತದೆ. ಉಳಿದ ವಿಷಯ ಅಲ್ಲಿ ಬರೆದರೆ ಪಿಯುಸಿಗೆ ಸಮನಾದ ಸರ್ಟಿಫಿಕೇಟ್. ಹಳೆ ಮಾರ್ಕ್ಸ್‌ಕಾರ್ಡಿಗೆ ಕಾಲಮಿತಿ ಇದೆ, ತಡ ಮಾಡಬೇಡಿ. ಆದರೆ ಬಾಕಿ ಎರಡೇ ವಿಷಯ ಅಂದರೆ ಪಿಯುಸಿ ಬೋರ್ಡಿನಲ್ಲೇ ಮತ್ತೆ ಕಟ್ಟಿ ಬರೆಯುವುದು ಅಗ್ಗ. ಕಾಲೇಜಿಗೆ ಹೋಗಿ ಮರುಪರೀಕ್ಷೆಯ ದಿನಾಂಕ ಕೇಳಿ.

ಕಡೂರಿನಿಂದ: ಒಂದೇ ಸಲ ಎರಡು ಡಿಗ್ರಿ ಮಾಡಬಹುದಂತೆ. ಒಂದೇ ಸ್ವಯಂ ಕೋರ್ಸಿನ ಕ್ರೆಡಿಟ್ ಎರಡಕ್ಕೂ ಹಾಕಿಕೊಂಡರೆ ಸುಲಭ ಅಲ್ವಾ?

ಎರಡು ಡಿಗ್ರಿಗೆ ಯುಜಿಸಿ 2022ರಲ್ಲಿ ಒಪ್ಪಿದೆ. ಒಂದು ಕಾಲೇಜಿಗೆ ಹೋಗಿ, ಇನ್ನೊಂದು ದೂರಶಿಕ್ಷಣದಲ್ಲಿ ಮಾಡಬಹುದು. ಎರಡೂ ಕಾಲೇಜಿನಲ್ಲೇ ಆದರೆ ಕ್ಲಾಸಿನ ಸಮಯ ಒಂದಕ್ಕೊಂದು ಅಡ್ಡ ಬರಬಾರದು. ಆದರೆ ಕ್ರೆಡಿಟ್ ಎರಡು ಕಡೆ ನಡೆಯುವುದಿಲ್ಲ. ಒಂದು ಡಿಗ್ರಿಗೆ ಬಳಸಿದ ಕೂಡಲೇ ಎಬಿಸಿ ಖಾತೆಯಿಂದ ಅದು ಖರ್ಚಾಯಿತು, ವಾಪಸ್ ಬರುವುದಿಲ್ಲ.